ಟ್ರಾಕ್ಟರ್ ಓಡುತ್ತದೆ, ಟ್ರೇಲರ್ ತಳ್ಳುತ್ತದೆ: ಸುಗ್ಗಿಗೂ ಜಾತ್ರೆಗೂ ಮುಂಚೆ ನೋಡಬೇಕಾದ್ದು



ಕಳೆದ ಸಭೆ ಮುಗಿದು ಕಾಫಿ ಕುಡಿಯುವಾಗ ಒಬ್ಬರು ಒಂದು ಪ್ರಶ್ನೆ ಹಾಕಿದರು. "ಟ್ರಾಕ್ಟರನ್ನ ಗಂಟೆ ಲೆಕ್ಕ ಹಾಕಿ ಸರ್ವಿಸಿಗೆ ಬಿಡ್ತೀವಿ. ಹಿಂದೆ ಇರೋ ಟ್ರೇಲರಿಗೆ ಏನು ಮಾಡಿಸಬೇಕು?" ಅಲ್ಲಿ ಹತ್ತು ಹನ್ನೆರಡು ಜನ ಇದ್ದೆವು, ಹೆಚ್ಚಿನವರು ಬೇಸಾಯದವರೇ. ಯಾರೂ ಸರಿಯಾಗಿ ಉತ್ತರ ಹೇಳಲಿಲ್ಲ. ಟ್ರೇಲರಿಗೆ ಎಂಜಿನ್ ಇಲ್ಲ, ಹಾಗಾಗಿ ಅದು ಕೆಡುವುದೂ ಇಲ್ಲ ಅನ್ನುವ ನಂಬಿಕೆ ನಮ್ಮದು. ಹೊಸೂರಿನ ತೇರು ಹತ್ತಿರ ಬಂತು, ಅದಾದ ಮೇಲೆ ಯುಗಾದಿ, ಆಮೇಲೆ ಕೃಷ್ಣಗಿರಿ ಕಡೆ ಮಾವಿನ ಸುಗ್ಗಿ. ವರ್ಷದಲ್ಲಿ ಟ್ರೇಲರ್ ಅತಿ ಹೆಚ್ಚು ರಸ್ತೆಯ ಮೇಲಿರುವ ತಿಂಗಳುಗಳು ಇವೇ. ಅದಕ್ಕೇ ಈ ಬರಹ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಟೊಮೇಟೊ ತುಂಬಿಕೊಂಡು ರಾಯಕೋಟೆ ಮಂಡಿಗೆ ಹೊರಟಿದ್ದೆವು. ಕೊಂಡಿಯ ಪಿನ್ ಹಿಂದಿನ ವಾರ ಎಲ್ಲೋ ಕಳೆದಿತ್ತು. ಮನೆ ಕಟ್ಟುವಾಗ ಉಳಿದ ಕಂಬಿಯ ತುಂಡೊಂದನ್ನು ಬಗ್ಗಿಸಿ ಸಿಕ್ಕಿಸಿದ್ದೆ. ಒಂದು ತಗ್ಗಿನಲ್ಲಿ ಎಗರಿದಾಗ ಆ ಕಂಬಿ ಹಾರಿಹೋಯಿತು. ಟ್ರಾಕ್ಟರ್ ನೆಟ್ಟಗೆ ಮುಂದೆ ಬಂತು, ಟ್ರೇಲರ್ ಮೂತಿ ನೆಲಕ್ಕೆ ಉಜ್ಜಿ ಪಕ್ಕದ ಮೋರಿಗೆ ಇಳಿಯಿತು. ಹಣ್ಣು ಹೋದದ್ದಕ್ಕೆ ಬೇಸರವಾಗಲಿಲ್ಲ. ಅರ್ಧ ನಿಮಿಷ ಮುಂಚೆ ಬೈಕಿನಲ್ಲಿ ಗಂಡ, ಹೆಂಡತಿ, ಮಗು ನಮ್ಮನ್ನು ದಾಟಿ ಹೋಗಿದ್ದರು. ಅದು ಈಗಲೂ ಕಣ್ಣ ಮುಂದೆ ಬರುತ್ತದೆ.

ಹಾಗಾಗಿ ಮೊದಲ ಮಾತು ಕೊಂಡಿಯದು. ಪಿನ್ ಅನ್ನುವುದು ಗಟ್ಟಿ ಉಕ್ಕಿನದಾಗಿರಬೇಕು, ರಂಧ್ರಕ್ಕೆ ತಕ್ಕ ದಪ್ಪದ್ದಾಗಿರಬೇಕು, ಮೇಲೆ ತಲೆ ಇರಬೇಕು, ಕೆಳಗೆ ಲಿಂಚ್ ಪಿನ್ ಹಾಕಿ ಬೀಗ ಬೀಳಬೇಕು. ಅಜ್ಜಂದಿರ ಗಾಡಿಯಲ್ಲಿ ಚಕ್ರ ಕಳಚದಂತೆ ಕಡಾಣಿ ಇತ್ತಲ್ಲ, ಇದೂ ಅದೇ. ಕಡಾಣಿ ಇಲ್ಲದ ಗಾಡಿಯನ್ನು ಅವರು ಹೂಡುತ್ತಿರಲಿಲ್ಲ. ಪಿನ್ನಿನ ನಡುಭಾಗ ಸವೆದು ಸೊಂಟ ಸಣ್ಣಗಾಗಿದ್ದರೆ, ಟ್ರೇಲರ್ ಮೂತಿಯ ಬಳೆ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಎರಡನ್ನೂ ಬದಲಿಸಿ. ಬಳೆಗೆ ಬೆಸುಗೆ ತುಂಬಿಸಿ ಮತ್ತೆ ಓಡಿಸುವವರಿದ್ದಾರೆ. ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುವುದನ್ನು ನಾನು ಎರಡು ಸಲ ನೋಡಿದ್ದೇನೆ. ಜೊತೆಗೆ ಒಂದು ಸರಪಳಿ. ಟ್ರಾಕ್ಟರ್ ಚಾಸಿಯಿಂದ ಟ್ರೇಲರ್ ಮೂತಿಗೆ, ತಿರುವಿನಲ್ಲಿ ಎಳೆಯದಷ್ಟು ಸಡಿಲ, ನೆಲಕ್ಕೆ ಉಜ್ಜದಷ್ಟು ಬಿಗಿ. ಅಮೆರಿಕದಲ್ಲಿ ನಮ್ಮ ಮಕ್ಕಳು ರಜೆಯಲ್ಲಿ ಕಾರಿನ ಹಿಂದೆ ಮನೆಯಂಥ ಟ್ರೇಲರ್ ಎಳೆದುಕೊಂಡು ಹೋಗುತ್ತಾರೆ. ಅಲ್ಲಿ ಇಂಥ ಎರಡು ಸರಪಳಿಗಳನ್ನು ಮೂತಿಯ ಅಡಿಯಲ್ಲಿ ಅಡ್ಡಡ್ಡ ಕಟ್ಟುವುದು ರೂಢಿ. ಪಿನ್ ಕೈಕೊಟ್ಟರೆ ಮೂತಿ ನೆಲಕ್ಕೆ ಬೀಳದೆ ಆ ಸರಪಳಿಯ ತೊಟ್ಟಿಲಲ್ಲಿ ಕೂರುತ್ತದೆ. ನಮ್ಮೂರಿನಲ್ಲಿ ಸರಪಳಿ ಎಮ್ಮೆಗೆ ಇದೆ, ಐದು ಟನ್ನಿನ ಟ್ರೇಲರಿಗೆ ಇಲ್ಲ.

ಇನ್ನೊಂದು ವಿಷಯ ಜೀವದ್ದು. ಕೆಸರಲ್ಲಿ ಟ್ರೇಲರ್ ಹೂತುಹೋದಾಗ ಹಗ್ಗವನ್ನೋ ಸರಪಳಿಯನ್ನೋ ಟ್ರಾಕ್ಟರಿನ ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಕಟ್ಟಿ ಎಳೆಯಬೇಡಿ. ಹಿಂದಿನ ಆಕ್ಸಲ್‌ಗಿಂತ ಮೇಲಿನಿಂದ ಎಳೆದರೆ ಭಾರವೇ ಸನ್ನೆಗೋಲಾಗಿ ಮುಂದಿನ ಚಕ್ರ ಮೇಲೆದ್ದು ಟ್ರಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಚಾಲಕನಿಗೆ ಹಾರಿಕೊಳ್ಳಲು ಒಂದೆರಡು ಸೆಕೆಂಡೂ ಸಿಗುವುದಿಲ್ಲ. ಎಳೆತ ಯಾವಾಗಲೂ ಕೆಳಗಿನ ಡ್ರಾಬಾರಿನಿಂದಲೇ ಆಗಬೇಕು.

ಭಾರ ತುಂಬುವ ಬಗ್ಗೆ ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ, ಎತ್ತಿನ ಗಾಡಿಯ ಪಾಠವೇ ಸಾಕು. ಹಿಂಭಾರವಾದರೆ ನೊಗ ಮೇಲೇಳುತ್ತಿತ್ತು, ಮುಂಭಾರವಾದರೆ ಎತ್ತಿನ ಕತ್ತು ನೋಯುತ್ತಿತ್ತು. ಎರಡು ಚಕ್ರದ ಟ್ರೇಲರಿಗೂ ಅದೇ ನ್ಯಾಯ. ಹಿಂದಕ್ಕೆ ಭಾರ ಬಿದ್ದರೆ ಮೂತಿ ಟ್ರಾಕ್ಟರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ, ಚಕ್ರದ ಹಿಡಿತ ತಪ್ಪುತ್ತದೆ, ಟ್ರೇಲರ್ ಹಾವಿನಂತೆ ಆಡುತ್ತದೆ. ತೀರಾ ಮುಂದಕ್ಕೆ ತುಂಬಿದರೆ ಟ್ರಾಕ್ಟರಿನ ಮೂತಿ ಹಗುರಾಗಿ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಭಾರ ಬೀಳುವಂತೆ ತುಂಬಬೇಕು. ಅಮೆರಿಕದ ಮನೆ ಟ್ರೇಲರುಗಳಿಗೆ ಒಟ್ಟು ತೂಕದ 10ರಿಂದ 15 ಶೇಕಡಾ ಮೂತಿಯ ಮೇಲಿರಬೇಕು ಎಂದು ಲೆಕ್ಕ ಹೇಳುತ್ತಾರೆ. ಅಳತೆ ಬೇರೆ, ಮಾತು ಒಂದೇ. ಮಾವಿನ ಕ್ರೇಟು ಇಳಿಸುವಾಗಲೂ ಇದು ನೆನಪಿರಲಿ. ಮಂಡಿಯಲ್ಲಿ ಮುಂದಿನ ಸಾಲುಗಳನ್ನು ಮೊದಲು ಖಾಲಿ ಮಾಡಿ ಹಿಂದಿನದ್ದನ್ನು ಹಾಗೇ ಬಿಟ್ಟು ಮುಂದಿನ ಅಂಗಡಿಗೆ ಹೊರಟರೆ ಅದೇ ಹಿಂಭಾರ.

ಈಗ ಬ್ರೇಕ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ಭೂಮಿಯೇ ಹಾಗಿದೆ. ಹೊಸೂರು ಎತ್ತರದ ಬಯಲು, ಕೃಷ್ಣಗಿರಿ ಅದಕ್ಕಿಂತ ಸುಮಾರು ಸಾವಿರ ಅಡಿ ಕೆಳಗೆ. 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಶೂಲಗಿರಿ ಕಡೆಯಿಂದ ಕೃಷ್ಣಗಿರಿಗೆ ಹೋಗುವಾಗ ರಸ್ತೆ ಒಟ್ಟಾರೆ ಇಳಿಯುತ್ತಲೇ ಹೋಗುತ್ತದೆ. ಡೆಂಕಣಿಕೋಟೆಯಿಂದ ಅಂಚೆಟ್ಟಿ ಕಡೆಗೆ ಹೋದರೆ ಕಾಡಿನ ಘಾಟಿ. ನಮ್ಮಲ್ಲಿರುವ ಸಾಮಾನ್ಯ ಟ್ರಾಕ್ಟರಿಗೆ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಅದರ ತೂಕ ಎರಡು ಟನ್ ಆಸುಪಾಸು. ಹಿಂದಿರುವ ತುಂಬಿದ ಟ್ರೇಲರ್ ಅದರ ಎರಡು ಮೂರು ಪಟ್ಟು ತೂಗುತ್ತದೆ, ಬಹುತೇಕ ಟ್ರೇಲರುಗಳಿಗೆ ಬ್ರೇಕೇ ಇಲ್ಲ. ಸಮನೆಲದಲ್ಲಿ ಟ್ರಾಕ್ಟರ್ ಟ್ರೇಲರನ್ನು ಎಳೆಯುತ್ತದೆ. ಇಳಿಜಾರಿನಲ್ಲಿ ಟ್ರೇಲರ್ ಟ್ರಾಕ್ಟರನ್ನು ತಳ್ಳುತ್ತದೆ. ತಿರುವಿನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ತಳ್ಳುವ ಟ್ರೇಲರ್ ಪಕ್ಕಕ್ಕೆ ಬಂದು ಎರಡೂ ಚಾಕು ಮಡಚಿದಂತೆ ಮಡಚಿಕೊಳ್ಳುತ್ತವೆ.

ಇಳಿಜಾರು ಶುರುವಾಗುವ ಮುಂಚೆಯೇ ಕೆಳಗಿನ ಗೇರಿಗೆ ಬನ್ನಿ. ಏರುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿ ಬಿಡುವ ಅಭ್ಯಾಸ ನಮ್ಮ ಹುಡುಗರಲ್ಲಿ ಬಹಳ. ಉಳಿಯುವುದು ಅರ್ಧ ಲೀಟರೋ ಏನೋ. ವೇಗ ಏರಿದ ಮೇಲೆ ಮತ್ತೆ ಗೇರ್ ಬೀಳುವುದಿಲ್ಲ, ಬ್ರೇಕ್ ಕಾದು ಹಿಡಿಯುವುದನ್ನು ನಿಲ್ಲಿಸುತ್ತದೆ. ಇಳಿಜಾರಿನ ಮಧ್ಯೆ ಕ್ಲಚ್ ಒತ್ತುವುದೂ ನ್ಯೂಟ್ರಲ್ ಮಾಡಿದಷ್ಟೇ ಕೆಟ್ಟದ್ದು.

ಇದಕ್ಕಿಂತ ಹೆಚ್ಚಾಗಿ ಮರೆಯುವ ಸಂಗತಿ ಎರಡು ಬ್ರೇಕ್ ಪೆಡಲಿನದು. ಹೊಲದಲ್ಲಿ ಗಕ್ಕನೆ ತಿರುಗಲೆಂದು ಎಡ ಬಲ ಬೇರೆ ಬೇರೆ ಕೊಟ್ಟಿರುತ್ತಾರೆ. ಎರಡನ್ನೂ ಜೋಡಿಸುವ ಒಂದು ಸಣ್ಣ ಕೊಕ್ಕೆ ಇದೆ. ರಸ್ತೆಗೆ ಬರುವ ಮುಂಚೆ ಅದನ್ನು ಹಾಕಲೇಬೇಕು. ಹಾಕದೆ ಹೆದ್ದಾರಿಯಲ್ಲಿ ಒಂದೇ ಪೆಡಲ್ ಒತ್ತಿದರೆ ಟ್ರಾಕ್ಟರ್ ಒಂದು ಕಡೆಗೆ ಸುತ್ತುತ್ತದೆ, ಹಿಂದಿನ ಟ್ರೇಲರ್ ಮಿಕ್ಕ ಕೆಲಸ ಮಾಡಿಮುಗಿಸುತ್ತದೆ. ನಮ್ಮ ಸದಸ್ಯರ ಮನೆಗಳ ಟ್ರಾಕ್ಟರುಗಳಲ್ಲಿ ಈ ಕೊಕ್ಕೆ ತುಕ್ಕು ಹಿಡಿದು ಅಲ್ಲಾಡದೆ ಕೂತಿರುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಎರಡು ಹನಿ ಎಣ್ಣೆ ಸಾಕು.

ಚಕ್ರಕ್ಕೆ ಬರೋಣ. ಅಜ್ಜ ಪಯಣಕ್ಕೆ ಮುಂಚೆ ಇರುಸಿಗೆ ಕೀಲೆಣ್ಣೆ ಹಾಕದೆ ಗಾಡಿ ಕಟ್ಟುತ್ತಿರಲಿಲ್ಲ. ನಾವು ಟ್ರೇಲರ್ ಕೊಂಡ ದಿನ ತುಂಬಿದ ಗ್ರೀಸಿನಲ್ಲೇ ಐದಾರು ವರ್ಷ ಓಡಿಸುತ್ತೇವೆ. ವರ್ಷಕ್ಕೊಮ್ಮೆ, ಮಾವಿಗೆ ಮುಂಚೆ, ಹಬ್ ಬಿಚ್ಚಿಸಿ ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿಸಿ, ಸೀಲ್ ಬದಲಿಸಿ. ಹಳೆಯ ಗ್ರೀಸಿನ ಮೇಲೆ ಬೇರೆ ಜಾತಿಯ ಹೊಸದನ್ನು ಬಳಿಯಬೇಡಿ. ಕೆರೆ ಕೋಡಿ, ಹಳ್ಳ ದಾಟುವ ಟ್ರೇಲರ್ ಆದರೆ ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ನೋಡಿಸಬೇಕು. ಪರೀಕ್ಷೆ ಮನೆಯಲ್ಲೇ ಮಾಡಬಹುದು. ಜಾಕ್ ಕೊಟ್ಟು ಚಕ್ರ ಎತ್ತಿ, ಮೇಲೊಂದು ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಲಟಕ್ ಎಂದರೆ ಬೇರಿಂಗ್ ಸಡಿಲ. ತಿರುಗಿಸಿದಾಗ ಮರಳು ಅರೆದಂತೆ ಸದ್ದು ಬಂದರೆ ಬದಲಿಸುವ ಕಾಲ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಪ್ರತಿ ಹಬ್ಬಿನ ಹತ್ತಿರ ಕೈ ಒಯ್ಯಿರಿ. ಒಂದು ಮಾತ್ರ ಮಿಕ್ಕವುಗಳಿಗಿಂತ ತುಂಬಾ ಬಿಸಿಯಿದ್ದರೆ ಅಲ್ಲೇ ನಿಲ್ಲಿಸುವುದು ಒಳ್ಳೆಯದು.

ಟೈರಿನ ಗಾಳಿ ಅಂದಾಜಿನಲ್ಲಿ ಬೇಡ. ಎಷ್ಟು ಭಾರಕ್ಕೆ ಎಷ್ಟು ಗಾಳಿ ಎಂದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಜೋಡಿಯಲ್ಲಿ ಒಂದರಲ್ಲಿ ಕಡಿಮೆಯಾದರೆ ಟ್ರೇಲರ್ ಆ ಕಡೆಗೆ ವಾಲುತ್ತದೆ, ಎತ್ತರಕ್ಕೆ ಹುಲ್ಲು ತುಂಬಿದಾಗ ಅಷ್ಟು ಸಾಕು ಮಗುಚಲು. ಚಕ್ರ ಬಿಚ್ಚಿ ಹಾಕಿದ ಮೇಲೆ ಐವತ್ತು ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ.

ಟಿಪ್ಪಿಂಗ್ ಟ್ರೇಲರ್ ಇರುವವರಿಗೆ ಮೂರು ಮಾತು. ಎತ್ತಿದ ಡಬ್ಬಿಯ ಕೆಳಗೆ ಊರುಗೋಲು ಕೊಡದೆ ಕೈಯನ್ನೂ ಹಾಕಬೇಡಿ, ಪೈಪ್ ಒಡೆದರೆ ಡಬ್ಬಿ ಒಂದೇ ಏಟಿಗೆ ಕೂರುತ್ತದೆ. ಓರೆ ನೆಲದಲ್ಲಿ ಎತ್ತಬೇಡಿ. ಎತ್ತುವ ಮುಂಚೆ ತಲೆ ಎತ್ತಿ ಕರೆಂಟ್ ತಂತಿ ನೋಡಿ, ನಮ್ಮ ತೋಟಗಳಲ್ಲಿ ಪಂಪ್‌ಸೆಟ್ಟಿನ ತಂತಿಗಳು ಜೋತಾಡುತ್ತಿರುತ್ತವೆ. ನೆರೆಯವರ ಟ್ರೇಲರ್ ಕಟ್ಟಿಕೊಳ್ಳುವಾಗ ಪೈಪಿನ ಬಾಯಿ ಒರೆಸಿ ಜೋಡಿಸಿ, ಅವರ ಮಣ್ಣು ನಿಮ್ಮ ಹೈಡ್ರಾಲಿಕ್ ಪಂಪಿಗೆ ಬರುತ್ತದೆ.

ದುಡ್ಡು ಹಾಕಿ ಉತ್ತಮಪಡಿಸುವುದಾದರೆ ಯಾವುದಕ್ಕೆ ಹಾಕಬೇಕು? ನಮ್ಮಲ್ಲಿ ಮೊದಲು ಹಾಕುವುದು ಪಕ್ಕದ ಹಲಗೆ ಎತ್ತರಿಸಲು, ಎರಡನೆಯದು ಹಾಡಿನ ಪೆಟ್ಟಿಗೆಗೆ. ಹಲಗೆ ಎತ್ತರವಾದರೆ ಭಾರ ಹೆಚ್ಚುತ್ತದೆ, ಆಕ್ಸಲ್, ಪಟ್ಟಿ, ಬ್ರೇಕ್ ಹಳೆಯವೇ ಉಳಿಯುತ್ತವೆ. ನನ್ನ ಕೇಳಿದರೆ ಮೊದಲ ಖರ್ಚು ಪ್ರತಿಫಲಿಸುವ ಪಟ್ಟಿಗೆ: ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ, ಮುಂದೆ ಬಿಳಿ. ಇದರಷ್ಟು ಕಡಿಮೆ ದುಡ್ಡಿಗೆ ಜೀವ ಉಳಿಸುವ ಸಾಮಾನು ಬೇರೆ ಇಲ್ಲ. ಹೆದ್ದಾರಿಯಲ್ಲಿ ರಾತ್ರಿ ಬರುವ ಲಾರಿಯವನಿಗೆ ದೀಪವಿಲ್ಲದ ಟ್ರೇಲರ್ ಕಪ್ಪು ಗೋಡೆ. ಎರಡನೆಯ ಖರ್ಚು ಹಿಂದಿನ ದೀಪ, ಇಂಡಿಕೇಟರ್ ಮತ್ತು ಅದಕ್ಕೆ ಸರಿಯಾದ ವೈರ್ ಪ್ಲಗ್. ಮೂರನೆಯದು, ಶಕ್ತಿಯಿದ್ದವರಿಗೆ, ಟ್ರೇಲರಿಗೇ ಬ್ರೇಕ್ ಹಾಕಿಸುವುದು. ಹೊಸದು ಕೊಳ್ಳುವವರು ಬ್ರೇಕ್ ಇರುವುದನ್ನೇ ಕೇಳಿ. ಕೆಟ್ಟು ನಿಂತಾಗ ಮರದ ಕೊಂಬೆ, ಕಲ್ಲು ಇಡುವ ಬದಲು ಎಚ್ಚರಿಕೆ ತ್ರಿಕೋನ ಒಂದು ಸೀಟಿನ ಕೆಳಗೆ ಇರಲಿ. ಹೊರಡುವಾಗ ಆ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟು ಹೋಗುವ ಪುಣ್ಯಾತ್ಮರೂ ನಮ್ಮಲ್ಲೇ ಇದ್ದಾರೆ.

ಗಡಿಯವರಿಗೇ ಸಂಬಂಧಿಸಿದ ಒಂದು ಕಾಗದದ ವಿಷಯ. ಆನೇಕಲ್, ಮಾಲೂರು ಕಡೆಯಿಂದ ಹಳೆಯ ಟ್ರೇಲರ್ ಅಗ್ಗಕ್ಕೆ ಸಿಕ್ಕಿತೆಂದು ತರುತ್ತೇವೆ. ಟ್ರೇಲರಿಗೂ ತನ್ನದೇ ನೋಂದಣಿ ಇರುತ್ತದೆ. ಕರ್ನಾಟಕದ ಸಂಖ್ಯೆಯ ವಾಹನವನ್ನು ತಮಿಳುನಾಡಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ಸಂಖ್ಯೆ ಪಡೆಯಬೇಕು. ಹೊಸೂರಿನವರಿಗೆ ಟಿಎನ್ 70, ಕೃಷ್ಣಗಿರಿಯವರಿಗೆ ಟಿಎನ್ 24. ಮಾರಿದವರ ಆರ್‌ಟಿಒ ಕಚೇರಿಯಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು, ಅದಕ್ಕೆ ಫಾರಂ 28. ಮಾಲೀಕತ್ವ ಬದಲಿಗೆ 29 ಮತ್ತು 30. ದುಡ್ಡು ಪೂರ್ತಿ ಕೊಡುವ ಮುಂಚೆ ಇವಕ್ಕೆ ಮಾರುವವರ ಸಹಿ ಹಾಕಿಸಿಕೊಳ್ಳಿ, ಆಮೇಲೆ ಅವರು ಕೈಗೆ ಸಿಗುವುದಿಲ್ಲ. ಎಳೆಯುವ ಟ್ರಾಕ್ಟರಿನ ಸಂಖ್ಯೆ ಟ್ರೇಲರಿನ ಹಿಂದೆಯೂ ಕಾಣಬೇಕೆಂಬುದು ಮೋಟಾರು ವಾಹನ ಕಾಯಿದೆಯ ಮಾತು. ವಿಮೆಯ ಪಾಲಿಸಿಯಲ್ಲಿ ಟ್ರೇಲರ್ ಸೇರಿದೆಯೇ ಎಂದು ಒಮ್ಮೆ ತೆಗೆದು ಓದಿ.

ಕೊನೆಗೆ ಉಳಿದದ್ದು ಹೇಳಲು ಮನಸ್ಸಿಗೆ ಕಷ್ಟವಾಗುವ ಮಾತು. ನಾವೆಲ್ಲ ಟ್ರೇಲರಿನಲ್ಲಿ ಜಾತ್ರೆಗೆ ಹೋದವರೇ. ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ, ಬುತ್ತಿ ಕಟ್ಟಿಕೊಂಡು, ಚಂದ್ರಚೂಡೇಶ್ವರನ ತೇರಿಗೆ, ಮಾದಪ್ಪನ ಬೆಟ್ಟಕ್ಕೆ, ನೆಂಟರ ಮದುವೆಗೆ. ನನ್ನ ಚಿಕ್ಕಂದಿನ ಒಳ್ಳೆಯ ನೆನಪುಗಳಲ್ಲಿ ಅರ್ಧ ಆ ಡಬ್ಬಿಯಲ್ಲೇ ಇವೆ. ಆದರೆ 2022ರ ಅಕ್ಟೋಬರ್ 1ರಂದು ಉತ್ತರಪ್ರದೇಶದ ಕಾನ್ಪುರದ ಬಳಿ, ಮಗುವಿನ ಮುಡಿ ಕೊಟ್ಟು ದೇವಸ್ಥಾನದಿಂದ ಮರಳುತ್ತಿದ್ದವರ ಟ್ರೇಲರ್ ಕೆರೆಗೆ ಮಗುಚಿ 25ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು. 2024ರ ಫೆಬ್ರವರಿ 24ರಂದು ಅದೇ ರಾಜ್ಯದ ಕಾಸ್‌ಗಂಜ್‌ನಲ್ಲಿ ಗಂಗಾಸ್ನಾನಕ್ಕೆ ಹೊರಟಿದ್ದವರಿಗೆ ಹಾಗೇ ಆಯಿತು, 20ಕ್ಕೂ ಹೆಚ್ಚು ಸಾವು. ಟೊಮೇಟೊ ಕ್ರೇಟು ಅಲ್ಲಾಡದೆ ಕೂರುತ್ತದೆ. ಜನ ಹಾಗಲ್ಲ, ತಿರುವಿನಲ್ಲಿ ಎಲ್ಲರೂ ಒಂದೇ ಕಡೆಗೆ ವಾಲುತ್ತಾರೆ, ಅದೇ ಹೊತ್ತಿಗೆ ಟ್ರೇಲರೂ ವಾಲುತ್ತಿರುತ್ತದೆ. ಮಗುಚಿದರೆ ಜನ ಕಬ್ಬಿಣದ ಡಬ್ಬಿಯ ಅಡಿಗೆ ಸಿಗುತ್ತಾರೆ. ಕಾನೂನಿನಲ್ಲಿ ಅದು ಸರಕಿನ ಗಾಡಿ, ಜನರ ಗಾಡಿಯಲ್ಲ. ಪರಿಹಾರ ಕೇಳಲು ಹೋದಾಗ ವಿಮೆಯವರು ಮೊದಲು ಎತ್ತುವ ಆಕ್ಷೇಪವೂ ಇದೇ, ಆಮೇಲೆ ಕೋರ್ಟಿಗೆ ಅಲೆಯುವವರು ಟ್ರಾಕ್ಟರ್ ಮಾಲೀಕರು.

ಹೊದಿಕೆ ಕಟ್ಟಿಸಿ, ಬೆಂಚು ಹಾಕಿಸಿ ಟ್ರೇಲರನ್ನು ಯಾತ್ರೆಗೆ ಸಿದ್ಧಮಾಡುತ್ತೇನೆ ಎಂದು ಸಭೆಯಲ್ಲಿ ಒಬ್ಬರು ಹೇಳಿದ್ದರು. ದಯವಿಟ್ಟು ಬೇಡ. ಇಪ್ಪತ್ತು ಜನ ಸೇರಿದರೆ ಒಂದು ಮಿನಿ ಬಸ್ಸಿನ ಬಾಡಿಗೆ ತಲೆಗೆ ಹೆಚ್ಚೇನೂ ಬೀಳುವುದಿಲ್ಲ. ಟ್ರೇಲರಿನಲ್ಲಿ ಅಡುಗೆ ಪಾತ್ರೆ, ಅಕ್ಕಿ, ಸೌದೆ ಹೋಗಲಿ, ಜನ ಬಸ್ಸಿನಲ್ಲಿ ಹೋಗಲಿ. ತೇರಿಗೆ ಒಟ್ಟಿಗೆ ಹೋಗುವವರು ಊರಿನ ಹೆಸರು ಮತ್ತು ಜನರ ಲೆಕ್ಕವನ್ನು ಮುಂದಿನ ಸಭೆಗೆ ಮುಂಚೆ ತಮ್ಮ ಊರಿನ ಪ್ರತಿನಿಧಿಗೆ ಕೊಟ್ಟರೆ, ಅಕ್ಕಪಕ್ಕದ ಊರುಗಳನ್ನು ಸೇರಿಸಿ ಒಂದೇ ಗಾಡಿ ಗೊತ್ತುಮಾಡಬಹುದು. ಸಭೆಗೆ ಬರುವಾಗ ಟ್ರಾಕ್ಟರಿನಲ್ಲೇ ಬರುವವರು ಕೊಂಡಿಯ ಪಿನ್ ಒಂದನ್ನು ಬಿಚ್ಚಿ ತನ್ನಿ, ಸವೆದದ್ದು ಎಷ್ಟೆಂದು ಪಕ್ಕಪಕ್ಕ ಇಟ್ಟು ನೋಡೋಣ.