ಅರ್ಜಿ ಹಾಕುವ ಮೊದಲು ಮನಸ್ಸು ಲೆಕ್ಕ ಹಾಕುತ್ತದೆ

ಬೆನ್ನುನೋವಿನಿಂದ ಕುರ್ಚಿಯಲ್ಲಿ ಕೂರಲಾಗದವರು, ಖಿನ್ನತೆಯಿಂದ ಬೆಳಗ್ಗೆ ಹಾಸಿಗೆ ಬಿಟ್ಟೇಳಲಾಗದವರು, ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಬಸವಳಿದವರು. ಇಂಥ ನೌಕರರನ್ನು ಮತ್ತೆ ಕೆಲಸಕ್ಕೆ ಅಣಿಗೊಳಿಸುವ ದೊಡ್ಡ ವ್ಯವಸ್ಥೆಯೊಂದು ಜರ್ಮನಿಯಲ್ಲಿದೆ. 1889ರಲ್ಲಿ ಬಿಸ್ಮಾರ್ಕ್ ಕಾಲದ ಕಾನೂನಿನಿಂದ ಹುಟ್ಟಿದ ಪಿಂಚಣಿ ವಿಮೆಯೇ ಅದರ ಖರ್ಚು ಹೊರುತ್ತದೆ. ಪಿಂಚಣಿ ಕೊಡುವ ಮೊದಲು ಪುನಶ್ಚೇತನಕ್ಕೆ ಅವಕಾಶ ಕೊಡಬೇಕೆಂಬುದು ಅದರ ನೀತಿ. ಸಾಮಾನ್ಯವಾಗಿ ಮೂರು ವಾರಗಳ ಚಿಕಿತ್ಸೆ. ದಾಖಲಾಗಿ ಚಿಕಿತ್ಸೆ ಪಡೆದರೆ ರೋಗಿಯ ಪಾಲು ದಿನಕ್ಕೆ ಹೆಚ್ಚೆಂದರೆ 10 ಯೂರೊ.

ಆದರೆ ಅರ್ಜಿಯನ್ನು ನೌಕರರೇ ಹಾಕಬೇಕು. ದುಡಿಯುವ ಶಕ್ತಿ ಕಳೆದುಕೊಂಡು ಅವಧಿಗೆ ಮುನ್ನ ಪಿಂಚಣಿ ಪಡೆಯುವವರಲ್ಲಿ ದೊಡ್ಡ ಪಾಲು ಜನ ಅದಕ್ಕೂ ಮೊದಲು ಈ ಚಿಕಿತ್ಸೆಯನ್ನು ಪಡೆದೇ ಇರುವುದಿಲ್ಲ. ಸೌಲಭ್ಯ ಎದುರಿಗಿದ್ದೂ ಜನ ಏಕೆ ಕೈ ಚಾಚುವುದಿಲ್ಲ?

ಇದು ಹಳೆಯ ಪ್ರಶ್ನೆ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಮನೋವಿಜ್ಞಾನಿಗಳಿಗೂ ಇದು ಎದುರಾಗಿತ್ತು. ಕ್ಷಯರೋಗ ಪತ್ತೆಗೆ ಉಚಿತ ಎಕ್ಸ್-ರೇ ಇದ್ದರೂ ಅನೇಕರು ಬರುತ್ತಿರಲಿಲ್ಲ. ಬಂದವರಲ್ಲಿ ಮುಖ್ಯವಾಗಿ ಎರಡು ನಂಬಿಕೆಗಳಿದ್ದವು: ರೋಗ ನನಗೂ ತಗುಲಬಹುದು, ಬೇಗ ಪತ್ತೆಯಾದರೆ ನನಗೇ ಒಳ್ಳೆಯದು. ಮುಂದೆ ಐಸೆಕ್ ಐಜೆನ್ ಎಂಬ ಮನೋವಿಜ್ಞಾನಿ, ಮನುಷ್ಯನ ಸಂಕಲ್ಪದ ಹಿಂದೆ ಮೂರು ಸಂಗತಿಗಳನ್ನು ಗುರುತಿಸಿದರು: ಆ ಕೆಲಸದ ಬಗ್ಗೆ ಅವನ ಅಭಿಪ್ರಾಯ, ಹತ್ತಿರದವರು ಏನೆಂದಾರು ಎಂಬ ಎಣಿಕೆ, ಅದು ತನ್ನ ಕೈಲಾಗುತ್ತದೆ ಎಂಬ ನಂಬಿಕೆ.

ಅಭಿಪ್ರಾಯದ ತೊಡಕು ಸುಲಭವಾಗಿ ಬಿಡಿಸಬಹುದಾದದ್ದು. ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ ವಯಸ್ಸಾದವರು ವಿಶ್ರಾಂತಿ ಪಡೆಯುವುದೇ ಪುನಶ್ಚೇತನ ಎಂದುಕೊಂಡವರಿಗೆ, ಅಲ್ಲಿ ದಿನವಿಡೀ ವ್ಯಾಯಾಮ, ಆಪ್ತಸಲಹೆ, ತರಬೇತಿ ನಡೆಯುತ್ತದೆಂದು ತಿಳಿಸಿದರೆ ಸಾಕು. ಎರಡನೆಯದು ಇನ್ನೂ ಆಳದ್ದು. ಮೂರು ವಾರ ನಾನಿಲ್ಲದಿದ್ದರೆ ನನ್ನ ಕೆಲಸದ ಹೊರೆ ಜೊತೆಯವರ ಮೇಲೆ ಬೀಳುತ್ತದೆ, ಮೇಲಧಿಕಾರಿ ನನ್ನನ್ನು ಕೈಲಾಗದವನೆಂದು ಬಗೆಯುತ್ತಾರೆ, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಈ ಅಳುಕು ಕಾನೂನಿನ ರಕ್ಷಣೆಯೊಂದರಿಂದಲೇ ಕರಗುವುದಿಲ್ಲ. ವರ್ಷದಲ್ಲಿ ಆರು ವಾರಕ್ಕೂ ಹೆಚ್ಚು ಕಾಲ ಕಾಯಿಲೆಯಿಂದ ಗೈರಾದವರನ್ನು ಮಾತುಕತೆಗೆ ಕರೆಯುವುದು ಜರ್ಮನಿಯ ಮಾಲೀಕರ ಕರ್ತವ್ಯ. ಹೋಗುವುದು, ಬಿಡುವುದು ನೌಕರರ ಇಷ್ಟ. ಆ ಮಾತುಕತೆ ನಂಬಿಕೆಯಿಂದ ನಡೆದರೆ ಅರ್ಜಿಗೆ ದಾರಿಯಾಗುತ್ತದೆ. ವಿಚಾರಣೆಯಂತೆ ಕಂಡರೆ ನೌಕರ ಇನ್ನಷ್ಟು ಮುದುಡುತ್ತಾನೆ.

ಇನ್ನು ಕೈಲಾಗುವಿಕೆ. ವಿಷಯದ ತಿರುಳು ಇಲ್ಲೇ ಇದೆ ಎಂದು ನನ್ನ ಭಾವನೆ. ಹೋಗಬೇಕು ಎಂದುಕೊಳ್ಳುವುದು ಬೇರೆ, ಹೋಗುವುದು ಬೇರೆ. ಈ ಎರಡು ಹಂತಗಳನ್ನು ಬರ್ಲಿನ್ನಿನ ಮನೋವಿಜ್ಞಾನಿ ರಾಲ್ಫ್ ಶ್ವಾರ್ಟ್ಸರ್ ಬಿಡಿಸಿ ತೋರಿಸಿದ್ದಾರೆ: ಮೊದಲು ಸಂಕಲ್ಪ ಹುಟ್ಟಬೇಕು, ಆಮೇಲೆ ಅದು ಯೋಜನೆಯಾಗಬೇಕು. ಅರ್ಜಿಯ ಪುಟಗಳನ್ನು ತುಂಬಬೇಕು, ವೈದ್ಯರಿಂದ ವರದಿ ತರಬೇಕು, ತಿರಸ್ಕೃತವಾದರೆ ಒಂದು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಖಿನ್ನತೆಯಲ್ಲಿರುವವರಿಗೆ ಒಂದು ಪತ್ರ ಬಿಚ್ಚಿ ಓದುವುದೂ ಕಷ್ಟ. ಅರ್ಜಿ ಹಾಕಲು ಬೇಕಾದ ಶಕ್ತಿಯನ್ನೇ ಕಾಯಿಲೆ ಕಿತ್ತುಕೊಂಡಿರುತ್ತದೆ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ.

ಇದಕ್ಕೆ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಅವರ ಸಂಶೋಧನೆಯಲ್ಲಿ ಸರಳ ಉಪಾಯವೊಂದಿದೆ. 'ಯಾವಾಗಲಾದರೂ ಮಾಡುತ್ತೇನೆ' ಎನ್ನುವ ಬದಲು 'ಸೋಮವಾರ ವೈದ್ಯರನ್ನು ಕಂಡಾಗ ವರದಿ ಕೇಳುತ್ತೇನೆ' ಎಂದು ಹೊತ್ತು, ಜಾಗ ಗೊತ್ತುಮಾಡಿಕೊಂಡವರು ಅಂದುಕೊಂಡದ್ದನ್ನು ನಡೆಸುವುದು ಹೆಚ್ಚು. ಆದರೂ ಇಡೀ ಹೊರೆಯನ್ನು ರೋಗಿಯ ಮನೋಬಲದ ಮೇಲೆ ಹೊರಿಸಬಾರದು. ಪಕ್ಕದಲ್ಲಿ ಕುಳಿತು ಅರ್ಜಿ ತುಂಬಿಸುವವರು, ತಾವಾಗಿಯೇ ಮಾತೆತ್ತುವ ವೈದ್ಯರು ಬೇಕು.

ಜರ್ಮನಿಯಲ್ಲಿ ದುಡಿಯುವ ಕನ್ನಡಿಗರೂ ಇದನ್ನು ಗಮನಿಸಬೇಕು. ಅಲ್ಲಿನ ಪಿಂಚಣಿ ವಿಮೆಗೆ ಕಳೆದ ಎರಡು ವರ್ಷಗಳಲ್ಲಿ ಆರು ತಿಂಗಳಾದರೂ ಕಡ್ಡಾಯ ವಂತಿಗೆ ಕಟ್ಟಿದ್ದರೆ, ವೈದ್ಯಕೀಯ ಅಗತ್ಯವಿದ್ದಲ್ಲಿ ನೀವೂ ಅರ್ಜಿ ಹಾಕಬಹುದು. ನೋವನ್ನು ನುಂಗಿಕೊಂಡು ದಿನ ದೂಡುತ್ತಿದ್ದರೆ, ಮುಂದಿನ ಸಲ ವೈದ್ಯರ ಬಳಿ ಹೋದಾಗ ಈ ವಿಷಯ ಕೇಳಿ.