ಉಸಿರಿಗೆ ಮಾಸುವ ಬಣ್ಣ

ತಿರುವನಂತಪುರದಿಂದ ದಕ್ಷಿಣಕ್ಕೆ ಹೊರಟು ಪದ್ಮನಾಭಪುರದ ಅರಮನೆಯನ್ನು ಸೇರಿದ ಯಾತ್ರಿಕರು, ತಿರುವಾಂಕೂರಿನ ಅರಸ ಮಾರ್ತಾಂಡವರ್ಮನ ಕಾಲದ ಉಪ್ಪರಿಕ್ಕ ಮಾಳಿಕವೆಂಬ ಮಹಡಿಮನೆಯ ಬಳಿ ನಿಂತು, ಭಿತ್ತಿಚಿತ್ರಗಳಿರುವ ಮೇಲಂತಸ್ತಿಗೆ ಪ್ರವೇಶವಿಲ್ಲವೆಂಬ ಮಾತನ್ನು ಕೇಳಿ, ತೆತ್ತ ದುಡ್ಡು ದಂಡವಾಯಿತೆಂದು ಗೊಣಗುವುದುಂಟು. 1956ರಲ್ಲಿ ಊರು ಇಂದಿನ ತಮಿಳುನಾಡಿನ ಸೀಮೆಗೆ ಸೇರಿದರೂ ಅರಮನೆಯು ಕೇರಳದ ಆಡಳಿತದಲ್ಲಿಯೇ ಉಳಿಯಿತು. ಆ ಆಡಳಿತ ಮಾಡಿದ ಸತ್ಕಾರ್ಯಗಳಲ್ಲಿ ಆ ಮುಚ್ಚಿದ ಬಾಗಿಲೂ ಒಂದೆಂದು ನಾನು ಎಣಿಸುತ್ತೇನೆ.

ಚಿತ್ರ ಉಳಿಯಲು ಬಾಗಿಲು ಮುಚ್ಚಬೇಕೆಂಬ ಈ ವಿವೇಕವನ್ನು ಲೋಕಕ್ಕೆ ಕಲಿಸಿದ್ದು ಫ್ರಾನ್ಸಿನ ಲಾಸ್ಕೋ ಗುಹೆ. 1940ರ ಸೆಪ್ಟೆಂಬರಿನಲ್ಲಿ ನಾಲ್ವರು ಹುಡುಗರ ಕಣ್ಣಿಗೆ ಬಿದ್ದ, ಗೂಳಿ ಕುದುರೆ ಜಿಂಕೆಗಳ ಆ ಆದಿಮ ಚಿತ್ರಶಾಲೆಯನ್ನು 1948ರಲ್ಲಿ ಸಾರ್ವಜನಿಕರಿಗೆ ತೆರೆದರು. ಕಂಡ ಹುಡುಗರಲ್ಲಿ ಇಬ್ಬರು ಅಲ್ಲಿಯೇ ಮಾರ್ಗದರ್ಶಕರಾದರು. ದಿನವೊಂದಕ್ಕೆ ಸಾವಿರಕ್ಕೂ ಮಿಕ್ಕಿ ಜನ ಒಳಹೊಕ್ಕು ಹೊರಬರತೊಡಗಿದ ಮೇಲೆ, ಸಹಸ್ರಾರು ವರ್ಷ ನಿಶ್ಚಲವಾಗಿದ್ದ ಗಾಳಿ ಕೆಲವೇ ವರ್ಷಗಳಲ್ಲಿ ಕೆಟ್ಟಿತು. ವಾಯುಶೋಧನೆಗೆ ಯಂತ್ರ ಹೂಡಿದರು. ಆದರೂ ಗೋಡೆಯ ಮೇಲೆ ಪಾಚಿಯ ಹಸಿರು ಹಬ್ಬಿತು, ಅದರ ಬೆನ್ನಿಗೇ ಸುಣ್ಣದ ಹರಳಿನ ಬಿಳಿಪೊರೆ ಕಾಣಿಸಿಕೊಂಡಿತು. 1963ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಬಾಗಿಲು ಹಾಕಿಸಿದನು.

ಇದರಲ್ಲಿ ಪವಾಡವೇನೂ ಇಲ್ಲ. ಸುಮ್ಮನೆ ನಿಂತ ಮನುಷ್ಯನೂ ಸುಮಾರು ನೂರು ವಾಟ್‌ನಷ್ಟು ಶಾಖವನ್ನು ಸೂಸುತ್ತಾನೆ. ಅವನ ನಿಶ್ವಾಸದಲ್ಲಿ ಶೇಕಡ 4ರಷ್ಟು ಇಂಗಾಲದ ಡೈಆಕ್ಸೈಡೂ ಸಾಕಷ್ಟು ನೀರಾವಿಯೂ ಇರುತ್ತವೆ. ಆವಿಯು ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟಿ, ಅನಿಲವನ್ನು ಹೀರಿ, ಮೃದುವಾದ ಆಮ್ಲವಾಗಿ ಸುಣ್ಣವನ್ನು ಕರಗಿಸುತ್ತದೆ; ಜನ ಹೋದ ಮೇಲೆ ಅದೇ ಸುಣ್ಣ ಬಣ್ಣದ ಮೇಲೆ ಪೊರೆಯಾಗಿ ಕೂರುತ್ತದೆ. ಬಟ್ಟೆಯ ಎಳೆ, ಚರ್ಮದ ಹೊಟ್ಟು, ಪಾದರಕ್ಷೆಯ ಧೂಳು ಸೂಕ್ಷ್ಮಜೀವಿಗಳಿಗೆ ಮೃಷ್ಟಾನ್ನ. ಪಾಚಿ ಬೆಳೆಯಲು ವಿದ್ಯುದ್ದೀಪದ ಬೆಳಕೇ ಸಾಕು.

ಕೊಚ್ಚಿಯ ಮಟ್ಟಂಚೇರಿ ಅರಮನೆಯ ಶಯನಗೃಹವಾದ ಪಳ್ಳಿಯರವು ಗುಹೆಯಲ್ಲ, ನಿಜ. 1555ರ ಸುಮಾರಿಗೆ ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ಅರಸ ವೀರಕೇರಳವರ್ಮನಿಗೆ ಒಪ್ಪಿಸಿದ, 1663ರ ತರುವಾಯ ದುರಸ್ತಿ ಮಾಡಿದ ಮಾತ್ರಕ್ಕೆ ಡಚ್ಚರ ಹೆಸರನ್ನು ಹೊತ್ತ ಆ ಮನೆಯಲ್ಲಿ, ರಾಮಾಯಣವು ಗೋಡೆಗಳನ್ನು ತುಂಬಿದೆ. ಕೇರಳದ ಚಿತ್ರಕಾರನ ಕ್ರಮದಲ್ಲಿ ಗಾರೆಯ ಮೇಲೆ ಎಳನೀರು ಬೆರೆಸಿದ ಸುಣ್ಣವನ್ನು ಇಪ್ಪತ್ತೈದಕ್ಕೂ ಹೆಚ್ಚು ಸಲ ಬಳಿದು, ಒಣಗಿದ ಮೇಲೆ ಬೇವಿನ ಅಂಟಿನಲ್ಲಿ ಕಲಸಿದ ಕಾವಿಯನ್ನೂ ದೀಪದ ಕಾಡಿಗೆಯನ್ನೂ ಹಚ್ಚುವುದು ರೂಢಿ. ಸುಣ್ಣ ಅಲ್ಲಿಯೂ ಸುಣ್ಣವೇ, ಉಸಿರು ಅಲ್ಲಿಯೂ ಉಸಿರೇ. ಜೊತೆಗೆ ಹಿನ್ನೀರಿನ ತೇವ ಬೇರೆ.

ಮರೆಯಿಲ್ಲದ ಚಿತ್ರದ ಪಾಡಿಗೆ ನಮ್ಮ ಬಾದಾಮಿಯೇ ಸಾಕ್ಷಿ. ಅಲ್ಲಿಯ ಮೂರನೆಯ ಗುಹೆ 578ರದು. ಅದರ ಮೊಗಸಾಲೆ ಬಯಲಿಗೆ ತೆರೆದಿದೆ. 1936ರಲ್ಲಿ ಕಲಾ ಇತಿಹಾಸದ ವಿದುಷಿ ಸ್ಟೆಲ್ಲಾ ಕ್ರಾಮ್ರಿಶ್ ಅಲ್ಲಿಯ ಚಿತ್ರಗಳನ್ನು ಕುರಿತು ಬರೆಯುವ ಹೊತ್ತಿಗೇ ಉಳಿದಿದ್ದುದು ಚೂರುಪಾರು.  ಕೇರಳದಲ್ಲಿ ಗೋಡೆ ಬಾಗಿಲುಗಳ ಮರೆಯಲ್ಲಿ ಉಳಿದುಬಂದುದನ್ನು ನಾವೀಗ ಗುಂಪುಗುಂಪಾಗಿ ಹೊಕ್ಕು ನೋಡುತ್ತಿದ್ದೇವೆ.

ಲಾಸ್ಕೋದವರು 1983ರಲ್ಲಿ ಪ್ರತಿಕೃತಿಯನ್ನು ನಿರ್ಮಿಸಿ ಜನರನ್ನು ಅತ್ತ ತಿರುಗಿಸಿದರು. ಕೇರಳಕ್ಕೆ ಅದು ಇನ್ನೂ ಸುಲಭ: ಇಲ್ಲಿ ವಿದ್ಯೆ ಸತ್ತಿಲ್ಲ. 1970ರ ಬೆಂಕಿಯಲ್ಲಿ ಗುರುವಾಯೂರು ದೇವಾಲಯದ ಭಿತ್ತಿಚಿತ್ರಗಳು ಹಾಳಾದಾಗ ಹಳೆಯ ಕ್ರಮದಲ್ಲಿಯೇ ಮತ್ತೆ ಬರೆದುಕೊಟ್ಟ ಹಿರಿಯರಿದ್ದರು. 1989ರಿಂದ ಅಲ್ಲಿಯ ದೇವಸ್ವಂ ಶಾಲೆ ಹೊಸ ಕೈಗಳನ್ನು ಪಳಗಿಸುತ್ತಿದೆ. ಆ ಕೈಗಳಿಗೆ ಇನ್ನೊಂದು ಪಳ್ಳಿಯರವನ್ನು ಬರೆಯುವ ಕೆಲಸ ಕೊಟ್ಟರೆ ಕಲಾವಿದನಿಗೆ ಅನ್ನವಾದೀತು, ಪ್ರವಾಸಿಗೆ ನೋಟವಾದೀತು, ಹಳೆಯ ಗೋಡೆಗೆ ವಿಶ್ರಾಂತಿಯಾದೀತು. ಇಷ್ಟಾಗಿಯೂ ಚೀಟಿಯ ಆದಾಯವೇ ದೊಡ್ಡದೆನ್ನುವವರೊಡನೆ ನನಗೆ ವಾದವಿಲ್ಲ, ಜಗಳವಿದೆ.