ತಿಗರಿಯ ನಂತರದ ಕಲಿಕೆ: ಕುಂಬಾರಿಕೆಯಲ್ಲಿ ಮುಂದಿನ ಹಂತದ ಕೌಶಲ

ವಿದ್ಯುತ್ ಚಾಲಿತ ತಿಗರಿಯಿಂದ ಕುಂಬಾರರ ಶ್ರಮ ತಗ್ಗಿದೆ. ದಿನವೊಂದಕ್ಕೆ ಸಿದ್ಧವಾಗುವ ಮಡಕೆಗಳ ಸಂಖ್ಯೆಯೂ ಹೆಚ್ಚುತ್ತದೆ. ಆದರೆ ಆವಿಗೆಯಲ್ಲಿ ಬಿರುಕುಬಿಡುವ ಮಡಕೆಗಳ ನಷ್ಟವನ್ನು ಯಂತ್ರವು ತಪ್ಪಿಸಲಾರದು. ಪ್ರಾಥಮಿಕ ತರಬೇತಿ ಪಡೆದವರು ಮುಂದೆ ಕಲಿಯಬೇಕಾದುದು ಮಣ್ಣಿನ ಪರೀಕ್ಷೆ, ಒಣಗಿಸುವ ಕ್ರಮ ಹಾಗೂ ಸುಡುವ ವಿಧಾನ.

ಎಲ್ಲ ಕೆರೆಗಳ ಮಣ್ಣೂ ಒಂದೇ ಗುಣದ್ದಲ್ಲ. ಹೊಸ ಜಾಗದ ಮಣ್ಣನ್ನು ಹದಗೊಳಿಸಿ, ಚಪ್ಪಟೆ ಪಟ್ಟಿ ಮಾಡಿ, ಅದರ ಮೇಲೆ 10 ಸೆಂ.ಮೀ. ಉದ್ದದ ಗೆರೆ ಎಳೆಯಬೇಕು. ಪೂರ್ತಿ ಒಣಗಿದಾಗ ಗೆರೆಯು 9.2 ಸೆಂ.ಮೀ.ಗೆ ಇಳಿದಿದ್ದರೆ ಕುಗ್ಗುವಿಕೆ ಶೇ. 8 ಎಂದರ್ಥ. ಕುಗ್ಗುವಿಕೆ ಹೆಚ್ಚಿದಷ್ಟೂ ಬಿರುಕಿನ ಭಯ ಹೆಚ್ಚು. ಜರಡಿ ಹಿಡಿದ ಮರಳನ್ನು ಅಥವಾ ಒಡೆದ ಮಡಕೆಯ ಪುಡಿಯನ್ನು ಬೆರೆಸಿದರೆ ಅದು ತಗ್ಗುತ್ತದೆ. ಅತಿಯಾದರೆ ಮಣ್ಣಿನ ಜಿಗುಟು ಹೋಗಿ ತಿಗರಿಯ ಮೇಲೆ ಏಳುವುದಿಲ್ಲ. ಸುಣ್ಣದ ಹರಳುಗಳನ್ನಂತೂ ಸೋಸಿ ತೆಗೆಯಲೇಬೇಕು. ಸುಟ್ಟ ಹರಳು ಗಾಳಿಯ ತೇವ ಹೀರಿ ಉಬ್ಬಿ, ಮಾರಾಟವಾದ ಮಡಕೆಯಲ್ಲಿಯೂ ಕೆಲವು ದಿನಗಳ ನಂತರ ಚಕ್ಕೆ ಏಳಿಸುತ್ತದೆ.

ಮಡಕೆಯ ಬಾಯಿ ಬೇಗ ಒಣಗುತ್ತದೆ, ತಳ ತಡವಾಗಿ. ಈ ಅಂತರವೇ ಬಿರುಕಿಗೆ ಕಾರಣ. ಆದುದರಿಂದ ನೆರಳಿನಲ್ಲಿಟ್ಟು, ಬಾಯಿಗೆ ಒದ್ದೆ ಬಟ್ಟೆ ಹೊದಿಸಿ, ತುಸು ಗಟ್ಟಿಯಾದೊಡನೆ ಬೋರಲು ಹಾಕಬೇಕು.

ಸುಡುವಾಗ ಮೊದಲ ಕೆಲವು ತಾಸುಗಳು ನಿರ್ಣಾಯಕ. ಒಣಗಿದಂತೆ ಕಾಣುವ ಮಡಕೆಯಲ್ಲಿಯೂ ನೀರು ಉಳಿದಿರುತ್ತದೆ. 100 ಡಿಗ್ರಿ ಸೆಲ್ಸಿಯಸ್ ದಾಟುವಾಗ ಉರಿ ಜೋರಾದರೆ ಅದು ಆವಿಯಾಗಿ ಮಡಕೆಯನ್ನೇ ಸಿಡಿಸುತ್ತದೆ. ತಣ್ಣಗಿನ ಕನ್ನಡಿ ಚೂರನ್ನು ಇಕ್ಕಳದಿಂದ ಹೊಗೆಕಂಡಿಯ ಬಳಿ ಕ್ಷಣಕಾಲ ಹಿಡಿದಾಗ ಮಂಜು ಕಟ್ಟಿದರೆ ನೀರಿನ್ನೂ ಹೊರಟಿಲ್ಲವೆಂದು ತಿಳಿದು ಸಣ್ಣ ಉರಿಯನ್ನೇ ಮುಂದುವರಿಸಬೇಕು. ಮಣ್ಣಿನಲ್ಲಿರುವ ಸ್ಫಟಿಕ ಮರಳು 573 ಡಿಗ್ರಿಯಲ್ಲಿ ಒಮ್ಮೆಲೇ ಹಿಗ್ಗುತ್ತದೆ. ತಣಿಯುವಾಗ ಅದೇ ಹಂತದಲ್ಲಿ ಕುಗ್ಗುತ್ತದೆ. ನಾಳೆಯ ಸಂತೆಗೆಂದು ಬಿಸಿಯಿರುವಾಗಲೇ ಆವಿಗೆ ಬಿಚ್ಚಿದಲ್ಲಿ ಚೆನ್ನಾಗಿ ಬೆಂದ ಮಡಕೆಯೂ ಸೀಳುವುದು ಇದರಿಂದಲೇ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಕುಂಬಾರಿಕೆಯೂ ಸೇರಿದೆ. ಮೂಲ ತರಬೇತಿ 5ರಿಂದ 7 ದಿನ, ಉನ್ನತ ತರಬೇತಿ 15 ದಿನ, ದಿನಕ್ಕೆ ರೂ. 500 ಭತ್ಯೆ ಉಂಟು. ತರಬೇತಿಯ ಅವಧಿಯಲ್ಲಿ ಒಂದಾದರೂ ಆವಿಗೆಯನ್ನು ಹೊಂದಿಸಿ, ಸುಟ್ಟು, ತಣಿಸಿ, ಬಿಚ್ಚುವವರೆಗೂ ಜೊತೆಗಿರದಿದ್ದರೆ ಕಲಿಕೆ ಅರ್ಧಕ್ಕೇ ನಿಂತಂತೆ. ಅಭ್ಯರ್ಥಿಗಳು ಇದನ್ನು ಕೇಳಿ ಪಡೆಯಬಹುದು. ನೋಂದಣಿಯು ಸಾಮಾನ್ಯ ಸೇವಾ ಕೇಂದ್ರದ ಮೂಲಕ ನಡೆಯುತ್ತದೆ. ಗ್ರಾಮೀಣ ಅರ್ಜಿಗಳ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯಿತಿಯದು. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶವಿದ್ದು, 18 ವರ್ಷ ತುಂಬಿರಬೇಕು.